ಸರ್ಕಾರದ ಅಂಗೈ

ದಾಕ್ಷಿ ಊರು ಬಿಟ್ಟು ಹೋಗುವಾಗ ತನ್ನ ಮಣ್ಣಿನ ಕುಡಿಕೆಯನ್ನು ವನಮಾಲಳ ಕೈಗೆ ಒಪ್ಪಿಸಿ ಹೋದಳು. ನನಗೆ ಕೊಡಲಿಲ್ಲ. ನಮ್ಮಿಬ್ಬರ ಮನೆಗಳಿಗೆ ನಡುವೆ ಇರುವುದು ಒಂದೇ ಗೋಡೆ. ಹಾಲುಹಲ್ಲು ಬಿದ್ದಾಗ ಇಬ್ಬರೂ ಒಂದೇ ದಿನ ಕುಡಿಕೆ ಪಡೆದೆವು, ಒಂದೇ ಬೆಂಚಿನಲ್ಲಿ ಕೂತು ಬಿ.ಎ. ಮುಗಿಸಿದೆವು. ಅವಳು ನರ್ಸಿಂಗ್ ಕಲಿಯಲು ಕೆರೆ ಏರಿ ದಾಟಿ ಹೋಗುವ ದಿನ ನಾನು ಬೆಳಿಗ್ಗೆಯೇ ತಲೆ ಬಾಚಿ, ದೇವರ ಗೂಡಿನ ಪಕ್ಕದ ಹಲಗೆ ಒರೆಸಿ, ಅದರ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಕಾದಿದ್ದೆ. ಅವಳು ಬಂದಳು, ನನ್ನನ್ನು ಅಪ್ಪಿಕೊಂಡಳು, "ಪತ್ರ ಬರಿ ಕಣೇ" ಅಂದಳು, ಹೋದಳು. ಆ ಬಟ್ಟೆ ಹಲಗೆಯ ಮೇಲೆ ಎಷ್ಟೋ ದಿನ ಹಾಗೇ ಇತ್ತು. ಮಡಚಿಡಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಊರಿನಲ್ಲಿ ದೀಪ ಹಚ್ಚಿದ ಮೇಲೆ ಎಲ್ಲರೂ ಅವರವರ ಕುಡಿಕೆಗೆ ಬಾಯಿ ಹಚ್ಚಿ ಮಾತಾಡುತ್ತಾರೆ. ಆಡಿದ್ದು ಒಳಗೆ ಉಳಿಯುತ್ತದೆ. ಮುಚ್ಚಳದ ಮೇಲೆ ಅಂಗೈ ಇಟ್ಟರೆ ಮುಚ್ಚಳ ಬಿಗಿಯಾಗಿ ಕೂತುಬಿಡುತ್ತದೆ, ಮತ್ತೆ ಅದೇ ಅಂಗೈ ಬಂದರಷ್ಟೇ ಏಳುತ್ತದೆ. ಗಂಡನ ಕೈಗೂ ಏಳುವುದಿಲ್ಲ, ಹೆತ್ತವಳ ಕೈಗೂ ಏಳುವುದಿಲ್ಲ. ಯಾರಾದರೂ ಸತ್ತರೆ ಅವರ ಕುಡಿಕೆಯನ್ನು ಕೆರೆ ಏರಿಯ ಮೇಲೆ ಒಡೆಯುತ್ತಾರೆ. ಒಳಗಿನ ಮಾತೆಲ್ಲ ಹಾರಿಹೋಗುವವರೆಗೆ ನಿಂತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಏರಿ ದಾಟಿಸಿದರೆ ಕುಡಿಕೆ ಬರೀ ಮಣ್ಣಾಗುವುದರಿಂದ ಊರು ಬಿಡುವವರು ಅದನ್ನು ಯಾರಿಗಾದರೂ ಒಪ್ಪಿಸಿ ಹೋಗಬೇಕು. ಯಾರಿಗೆ ಒಪ್ಪಿಸಿದರು ಎನ್ನುವುದು ಊರಿಗೆಲ್ಲ ಗೊತ್ತಾಗುತ್ತದೆ. ಯಾರಿಗೆ ಒಪ್ಪಿಸಲಿಲ್ಲ ಎನ್ನುವುದು ಅದಕ್ಕಿಂತ ಬೇಗ ಗೊತ್ತಾಗುತ್ತದೆ.

ವನಮಾಲ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಬಟ್ಟೆ ಹೊಲಿಯುವವಳು. ಬೇರೆ ಕಡೆಯಿಂದ ಬಂದು ನೆಲೆಸಿದವಳು. ಬಾಯಲ್ಲಿ ಯಾವಾಗಲೂ ಗುಂಡುಪಿನ್ನು ಕಚ್ಚಿಕೊಂಡಿರುತ್ತಾಳೆ, ಹಾಗಾಗಿ ಮಾತು ಕಮ್ಮಿ. ದಾಕ್ಷಿ ಅವಳ ಹತ್ತಿರ ಒಂದೆರಡು ರವಿಕೆ ಹೊಲಿಸಿದ್ದಳು, ಅಷ್ಟೇ ನನಗೆ ಗೊತ್ತಿದ್ದದ್ದು. ಬೇಕಿಲ್ಲದಿದ್ದರೂ ಒಂದು ರವಿಕೆ ಬಟ್ಟೆ ಹಿಡಿದು ನಾನೂ ಹೋದೆ. ಕುಡಿಕೆ ದಾರದ ಉಂಡೆಗಳ ನಡುವೆ ಇತ್ತು. ಅದರ ಕುತ್ತಿಗೆಗೆ ಅವಳು ಅಳತೆ ಟೇಪು ನೇತುಹಾಕಿದ್ದಳು! ನನ್ನ ದಾಕ್ಷಿಯ ಮಾತುಗಳು ತುಂಬಿದ ಕುಡಿಕೆ ಅವಳಿಗೆ ಒಂದು ಗೂಟವಾಗಿತ್ತು. "ತೋಳು ಉದ್ದ ಬೇಕಾ, ಗಿಡ್ಡ ಬೇಕಾ?" ಎಂದು ಅವಳು ಪಿನ್ನುಗಳ ಸಂದಿಯಿಂದ ಕೇಳಿದಳು. "ಹೇಗಾದ್ರೂ ಸರಿ" ಅಂದು ಬಂದುಬಿಟ್ಟೆ. ಅವಳು ಒಂದು ತೋಳು ಉದ್ದ, ಒಂದು ಗಿಡ್ಡ ಹೊಲಿದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಅದೇ ಸುಮಾರಿನಲ್ಲಿ ಯಾರೋ ಕೆರೆಯ ತೂಬು ಮುರಿದರು. ನೀರು ಕೆಳಗಿನ ಬೀದಿಗೆ ನುಗ್ಗಿತು. ಪುಟ್ಟನರಸಯ್ಯನ ಹೆಂಡತಿ ಮೇಕೆಮರಿ ಎತ್ತಿಕೊಳ್ಳಲು ಹೋಗಿ ಕೊಚ್ಚಿಹೋದಳು. ಮುರಿದವರು ಯಾರೆಂದು ಯಾರೂ ಬಾಯಿಬಿಡಲಿಲ್ಲ. ಬಾಯಿಬಿಡದವನು ಕುಡಿಕೆಗಂತೂ ಹೇಳಿಕೊಂಡೇ ಇರುತ್ತಾನೆ ಎನ್ನುವುದು ಅಮಲ್ದಾರರ ಕಚೇರಿಯ ವಾದ. ಊರಿನ ಪ್ರತಿಯೊಂದು ಕುಡಿಕೆಗೂ ಇನ್ನೊಂದು ಅಂಗೈಯನ್ನು ಕಲಿಸಬೇಕು, ಅದು ಸರ್ಕಾರದ ಅಂಗೈ ಆಗಿರಬೇಕು ಎಂದು ಅಪ್ಪಣೆಯಾಯಿತು. ಹೆಂಡತಿಯನ್ನು ಕಳೆದುಕೊಂಡವನು ದಿನಾ ಕಚೇರಿ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಾಗ ಬೇಡ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಸರ್ಕಾರಕ್ಕೆ ಅಂಗೈ ಎಲ್ಲಿದೆ? ಯಾರಾದರೂ ಮನುಷ್ಯರದ್ದೇ ಬೇಕಲ್ಲ. ಅಮಲ್ದಾರ್ ಶಂಭುಲಿಂಗಯ್ಯನವರು ನನ್ನನ್ನು ಕರೆಸಿದರು.

"ನೀನು ಯಾರ ಹತ್ರಾನೂ ಮಾತೇ ಆಡಲ್ವಂತಲ್ಲಮ್ಮ?"

ನಾನು ನೆಲ ನೋಡಿದೆ.

"ನೋಡ್ರಿ, ಇಂಥವಳೇ ಬೇಕು" ಅಂದರು ಜವಾನ ಭೀಮಯ್ಯನಿಗೆ. "ಕೇಳಿದ್ದು ಇವಳ ಹೊಟ್ಟೇಲೇ ಇರುತ್ತೆ. ನೋಡಮ್ಮ, ಅಪ್ಪಣೆ ಬಂದ ಕುಡಿಕೆ ಮಾತ್ರ ತೆಗೀಬೇಕು, ನನ್ನ ಎದುರಿಗೇ ತೆಗೀಬೇಕು. ತಿಳೀತಾ?"

ನನ್ನ ಅಮ್ಮನ ಸಂಭ್ರಮ ಹೇಳತೀರದು. "ಡಿಗ್ರಿ ಮಾಡಿ ಮೂಲೇಲಿ ಕೂತಿದ್ಲು, ಈಗ ನೋಡಿ!" ಎಂದು ಬೀದಿಯವರಿಗೆಲ್ಲ ಹೇಳಿದಳು. ಅಂದಿನಿಂದ ಅಡುಗೆಮನೆಯಲ್ಲಿ ನನಗೆ ಈಳಿಗೆ ಮಣೆ ಮುಟ್ಟಲು ಬಿಡಲಿಲ್ಲ. "ಮೆಣಸಿನಕಾಯಿ ಹೆಚ್ಚಬೇಡ ಕಣೇ ಕುಮುದಾ, ಊರ ಕುಡಿಕೆಗೆಲ್ಲ ಖಾರ ಹತ್ತುತ್ತೆ."

ಶಾಲೆಯ ಬಯಲಿನಲ್ಲಿ ಭತ್ತದ ಹೊಟ್ಟಿನ ಕೆಂಡ ಹಾಕಿದರು. ಜನ ಕುಡಿಕೆಗಳನ್ನು ಸೆರಗಿನಲ್ಲಿ, ಟವೆಲಿನಲ್ಲಿ ಮುಚ್ಚಿಕೊಂಡು ಸಾಲು ನಿಂತರು. ಭೀಮಯ್ಯ ಒಂದೊಂದನ್ನೇ ಕಾಯಿಸಿ ಕೊಡುತ್ತಿದ್ದ. ಮಣ್ಣು ಸಡಿಲಾದಾಗ ನಾನು ಮುಚ್ಚಳದ ಮೇಲೆ ಅಂಗೈ ಒತ್ತುತ್ತಿದ್ದೆ. ಒಳಗಿನಿಂದ ಏನೋ ನಡುಗಿದ ಹಾಗೆ ಆಗಿ, ಮುಚ್ಚಳ ನನ್ನ ಕೈಯನ್ನು ಗುರುತು ಹಿಡಿಯುತ್ತಿತ್ತು. ಗಿಡ್ಡಕ್ಕಜ್ಜಿ ತನ್ನ ಸರದಿ ಬಂದಾಗ ಕುಡಿಕೆ ಬಿಡದೆ ಕೇಳಿದಳು, "ಯಾಕವ್ವಾ, ನಾನು ನನ್ನ ಗಂಡನ್ನ ಬೈದಿರೋದೂ ಸರ್ಕಾರಕ್ಕೆ ಕೇಳಿಸ್ತದಾ?"

"ಅಪ್ಪಣೆ ಬಂದ್ರೆ ಮಾತ್ರ ಅಜ್ಜಿ."

"ಬರ್ಲಿ ಬಿಡು. ನಾನು ಬೈದು ಬೈದು ಸೋತೆ, ಸರ್ಕಾರನಾದ್ರೂ ಬೈಲಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಗು ಅದೊಂದೇ ದಿನ ಇತ್ತು. ಆಮೇಲೆ ದೀಪ ಹಚ್ಚಿದ ಹೊತ್ತಿಗೆ ನಮ್ಮ ಬೀದಿಯ ಸದ್ದೇ ಬದಲಾಯಿತು. ಮೊದಲು ಜೇನುಗೂಡಿನಂತೆ ಗುಂಯ್ ಅನ್ನುತ್ತಿದ್ದ ಮನೆಗಳಿಂದ ಈಗ ಭಾಷಣ ಕೇಳಿಸತೊಡಗಿತು. "ಅಮಲ್ದಾರ್ ಸಾಹೇಬ್ರು ದೇವರಂಥೋರು" ಎಂದು ಎದುರು ಮನೆಯಾತ ಕುಡಿಕೆಗೆ ಗಟ್ಟಿಯಾಗಿ ಹೇಳುವುದನ್ನು ನಾನೇ ಕೇಳಿದೆ. ನಿಜವಾದ ಮಾತುಗಳು ಬೇರೆ ದಾರಿ ಹುಡುಕಿಕೊಂಡವು. ಹೆಂಗಸರು ಒರಳಿನ ಗುಳಿಗೆ ಬಗ್ಗಿ ಪಿಸುಗುಟ್ಟಿದರು, ಗಂಡಸರು ಎಮ್ಮೆ ತೊಳೆಯುವ ನೆಪದಲ್ಲಿ ಎಮ್ಮೆಯ ಕಿವಿಯಲ್ಲಿ ಹೇಳಿಕೊಂಡರು. ಕೇಳಿದ್ದನ್ನು ಉಳಿಸಿಕೊಳ್ಳಲು ಒರಳಿಗೂ ಬರುವುದಿಲ್ಲ, ಎಮ್ಮೆಗೂ ಬರುವುದಿಲ್ಲ. ಮಾತು ಇಳಿಸಲು ಜಾಗವಿಲ್ಲದೆ ಊರವರ ಮುಖಗಳೆಲ್ಲ ಸ್ವಲ್ಪ ಸ್ವಲ್ಪವೇ ಊದಿಕೊಂಡವು.

ವನಮಾಲ ಇಲ್ಲಿಗೆ ಬಂದ ಮೇಲೆ ಪಡೆದ ತನ್ನ ಕುಡಿಕೆ ತಂದಳು. ದಾಕ್ಷಿಯದನ್ನು ತರಲಿಲ್ಲ. ಅದು ನನಗೆ ತಿಳಿದದ್ದು ಕೂಡಲೇ, ಯಾಕೆಂದರೆ ಅಷ್ಟು ಉದ್ದದ ಸಾಲಿನಲ್ಲಿ ನಾನು ಕಾಯುತ್ತಿದ್ದದ್ದು ಅದೊಂದಕ್ಕೇ. "ಅದು?" ಎಂದು ಕೇಳಿದೆ. ಅವಳು ಪಿನ್ನುಗಳನ್ನು ಅಂಗೈಗೆ ಉಗುಳಿ, "ಅದು ನಂದಲ್ವಲ್ಲ. ಒಪ್ಪಿಸಿದೋಳು ಬರ್ಲಿ, ಅವಳೇ ತರ್ತಾಳೆ" ಅಂದಳು. ಎಷ್ಟು ಸುಲಭವಾಗಿ ಅಂದಳು! ಒಪ್ಪಿಸಿಕೊಂಡವಳು ಹೇಗಿರಬೇಕೋ ಹಾಗಿದ್ದಳು. ನನ್ನ ಜಾಗದಲ್ಲಿ ನಿಂತು, ನಾನು ಆಡಬೇಕಾದ ಮಾತನ್ನು ನನಗಿಂತ ಚೆನ್ನಾಗಿ ಆಡಿದಳು. ಆ ಸಂಜೆ ಅಮಲ್ದಾರರು "ಎಲ್ಲಾ ಬಂದ್ವಾ?" ಅಂದಾಗ, ಯಾರ ಹತ್ತಿರವೂ ಮಾತಾಡದ ನಾನು ಬಾಯಿ ತೆರೆದು, "ಒಂದು ಬಂದಿಲ್ಲ" ಅಂದೆ.

ಭೀಮಯ್ಯ ಹೋಗಿ ತಂದ. ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು. ವನಮಾಲ ಹಿಂದೆಯೇ ಓಡಿಬಂದಳು. "ಕುಮುದಾ, ಇದನ್ನ ಕಾಯಿಸ್ಬೇಡ. ಅವಳು ಬರೋವರೆಗಾದ್ರೂ ತಡ್ಕೋ. ನಿನ್ನ ಫ್ರೆಂಡ್ ಅಲ್ವಾ ಅವಳು?"

"ಅಪ್ಪಣೆ" ಅಂದೆ. ನಿನ್ನ ಫ್ರೆಂಡ್ ಅಲ್ವಾ ಎಂದು ಅವಳ ಬಾಯಿಂದ ಕೇಳಿದ್ದಕ್ಕೆ ಕೆನ್ನೆ ಬಿಸಿಯಾಗಿತ್ತು. ಟೇಪು ಬಿಚ್ಚಿ ಅವಳ ಕೈಗೆ ಕೊಟ್ಟೆ. ಕುಡಿಕೆಯನ್ನು ಕೆಂಡದ ಮೇಲಿಟ್ಟರು. ಬೇರೆ ಯಾವ ಕುಡಿಕೆಗೂ ಒತ್ತದಷ್ಟು ಹೊತ್ತು ನಾನು ಅದಕ್ಕೆ ಅಂಗೈ ಒತ್ತಿದೆ. ಅದು ಮತ್ತೆ ವನಮಾಲಳ ಅಂಗಡಿಗೆ ಹೋಗಲಿಲ್ಲ. ಮಾಲೀಕರು ಊರಲ್ಲಿಲ್ಲದ ಕುಡಿಕೆ ಕಚೇರಿಯಲ್ಲೇ ಇರಲಿ ಎಂದರು ಅಮಲ್ದಾರರು. ನನ್ನ ಮೇಜಿನ ಹಿಂದಿನ ಕಪಾಟಿನಲ್ಲಿ ಇಟ್ಟೆ. ಮೆತ್ತನೆಯ ಬಟ್ಟೆಯನ್ನು ಮನೆಯಿಂದ ತಂದು ಹಾಸಿದೆ.

ಅಪ್ಪಣೆ ಬಂದ ಕುಡಿಕೆಗಳನ್ನು ಅಮಲ್ದಾರರ ಎದುರು ತೆಗೆಯತೊಡಗಿದೆ. ಮುಚ್ಚಳ ಎತ್ತಿದರೆ ಮೊದಲು ಒಂದು ಉಸಿರು ಕೇಳುತ್ತದೆ, ಮಾತು ಶುರು ಮಾಡುವ ಮುಂಚೆ ಒಳಗೆಳೆದುಕೊಂಡ ಉಸಿರು. ಆಮೇಲೆ ದನಿ. ತೂಬಿನ ಸುದ್ದಿ ಒಂದರಲ್ಲೂ ಇರಲಿಲ್ಲ. ಹಲ್ಲುನೋವು, ನಾದಿನಿಯ ಸರ, ಬೇರೆಯವರ ಹೆಂಡತಿಯ ಜಡೆ, ತೀರಿಹೋದ ಮಗುವಿನ ಹೆಸರು ಇಂಥವೇ ಇದ್ದವು. ಅಮಲ್ದಾರರು ಕೆಮ್ಮಿ, "ಮುಚ್ಚಮ್ಮ, ಮುಚ್ಚು" ಅನ್ನುತ್ತಿದ್ದರು. ನಾನು ಮಾತ್ರ ಇನ್ನೊಂದನ್ನು ಹುಡುಕುತ್ತಿದ್ದೆ. ಎಲ್ಲರ ಕುಡಿಕೆಯಲ್ಲೂ ಯಾರೋ ಒಬ್ಬರು ಇರುತ್ತಿದ್ದರು, ಮತ್ತೆ ಮತ್ತೆ ಬರುವ ಒಂದು ಹೆಸರು. ಅಷ್ಟು ಕುಡಿಕೆಗಳಲ್ಲಿ ಒಂದರಲ್ಲಾದರೂ, ಬೈಗುಳಕ್ಕಾದರೂ, ಕುಮುದ ಎನ್ನುವ ಹೆಸರು ಬರಲಿಲ್ಲ. ಊರಿಗೆ ಊರೇ ಯಾರನ್ನೋ ನೆನೆಸಿಕೊಂಡು ಮಲಗುತ್ತಿತ್ತು. ಆ ಜಡೆಯವಳ ಮೇಲೂ ನನಗೆ ಅಸೂಯೆಯಾಯಿತು.

ಹೀಗಿರುವಾಗ ಗಿರಣಿಯ ಚೆನ್ನಬಸಮ್ಮನವರ ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಆಕೆ ಸೊಸೆಯ ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದರಂತೆ. ಧೂಳು ಹೊಡೆಯೋಣ ಅಂತ ಎತ್ತಿಕೊಂಡೆ ಅಂತ ಆಕೆಯ ಹೇಳಿಕೆ. ಬಹಳ ಹೊತ್ತಿನ ಮೇಲೆ ಮಡಿಲ ಬಿಸಿಗೆ ಮುಚ್ಚಳ ತಾನಾಗಿ ಎದ್ದಿತು. ಸೊಸೆ ತವರಿನ ಕಡೆಯ ಯಾವನೋ ಹುಡುಗನನ್ನು ನೆನೆದು ಅತ್ತದ್ದು ಗಿರಣಿಯಲ್ಲಿ ಹಿಟ್ಟು ಬೀಸಿಸಲು ಬಂದವರಿಗೆಲ್ಲ ಕೇಳಿಸಿತು. ಒಮ್ಮೆ ಕಾದ ಮಣ್ಣಿಗೆ ಇನ್ನು ಸರ್ಕಾರದ ಬಿಸಿ ಯಾವುದು, ಅತ್ತೆಯ ಬಿಸಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಬಿಡದೆ ಹಿಡಿದುಕೊಂಡು ಕೂರುವ ತಾಳ್ಮೆ ಇದ್ದವರಿಗೆಲ್ಲ ಅದು ಏಳುತ್ತಿತ್ತು. ಹೊಟ್ಟೆಕಿಚ್ಚು ಪಡುವವರಿಗೆ ಎಷ್ಟು ತಾಳ್ಮೆ ಇರುತ್ತದೆಂದು ಆ ವಾರ ನಮ್ಮೂರಿಗೆ ಗೊತ್ತಾಯಿತು. ಯಾರ ಜಗಲಿ ನೋಡಿದರೂ ಯಾರದೋ ಮಡಿಲಲ್ಲಿ ಇನ್ಯಾರದೋ ಕುಡಿಕೆ. ಅಣ್ಣ ತಮ್ಮನದನ್ನು ಹಿಡಿದು ಕೂತ, ಹೆಂಡತಿ ಗಂಡನದನ್ನು. ನಮ್ಮಮ್ಮ ಕೂಡ ಚಿಕ್ಕಮ್ಮನ ಮನೆಗೆ ಹೋಗಿ ಬಂದು ಊಟ ಬಿಟ್ಟು ಮಲಗಿದಳು.

ಅಮಲ್ದಾರರು ನನ್ನ ಮೇಲೆ ಹರಿಹಾಯ್ದರು. "ಏನಮ್ಮಾ, ಮನೆಮನೆಗೆ ಹೋಗಿ ಅಂಗೈ ಹಂಚ್ತಾ ಇದ್ದೀಯಾ?"

"ಇಲ್ಲ ಸರ್. ನೀವೇ ಹಿಡಿದು ನೋಡಿ."

ಅವರು ಭೀಮಯ್ಯನ ಕುಡಿಕೆಯನ್ನು ತರಿಸಿ ಮಡಿಲಲ್ಲಿಟ್ಟುಕೊಂಡು ಕಡತ ನೋಡುತ್ತ ಕೂತರು. ಮಧ್ಯಾಹ್ನದ ಹೊತ್ತಿಗೆ ಅದು ಎದ್ದಿತು. "ಈ ಶಂಭುಲಿಂಗ ಅನ್ನೋ ಕೋಣ..." ಎಂದು ಭೀಮಯ್ಯನ ದನಿ ಕಚೇರಿ ತುಂಬ ಹರಡಿತು. ಭೀಮಯ್ಯ ಕಂಬದ ಹಿಂದೆ ಸರಿದ. ಅಮಲ್ದಾರರು ತಾವೇ ಮುಚ್ಚಳ ಒತ್ತಿದರು. "ಅಪ್ಪಣೆ ಮೇಲಿಂದ ಬಂದದ್ದು" ಅಂದರು. "ಕಾಯಿಸಿದ್ದನ್ನ ಮತ್ತೆ ಹಸಿ ಮಾಡೋಕಾಗುತ್ತೇನಮ್ಮಾ?" ಊಟಕ್ಕೆಂದು ಹೋದವರು ಆ ದಿನ ತಿರುಗಿ ಬರಲಿಲ್ಲ. ಭೀಮಯ್ಯನೂ ಮಾಯವಾದ.

ಹಾಗೆ ಕಚೇರಿಯಲ್ಲಿ ನಾನೊಬ್ಬಳೇ ಉಳಿದೆ. ಹೊರಗೆ ಮೆಟ್ಟಿಲ ಮೇಲೆ ಪುಟ್ಟನರಸಯ್ಯ ಇದ್ದ. ಅವನಿಗೆ ನೀರು ಕೊಡಲು ಹೋದೆ. "ಸಿಕ್ಕಿದ್ನೇನವ್ವಾ?" ಎಂದು ದಿನಾ ಕೇಳುವುದನ್ನೇ ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. ಅವನು ಲೋಟ ಹಿಡಿದುಕೊಂಡು, "ಅವಳ ಕುಡಿಕೆ ಒಡೆಯೋವಾಗ ನಾನು ಕಿವಿ ಮುಚ್ಕೊಂಡಿದ್ದೆ ಕಣವ್ವಾ" ಅಂದ. "ಒಂದೇ ಒಂದ್ಸಲ ಅವಳ ದನಿ ಕೇಳ್ಬೋದಿತ್ತು. ಎಲ್ಲಾರೂ ಮುಚ್ಕೊಂಡಿದ್ರು, ಯಾರಿಗೆ ಗೊತ್ತಾಗ್ತಿತ್ತು? ಆದ್ರೂ ಗಟ್ಟಿಯಾಗಿ ಮುಚ್ಕೊಂಡೆ. ಅವಳು ನಂಗಂತ ಆಡಿದ್ದಲ್ವಲ್ಲ ಅದು."

ನಾನು ಒಳಗೆ ಬಂದು ಕೂತೆ. ಬೆನ್ನ ಹಿಂದೆ ಕಪಾಟು. ಅದರಲ್ಲಿರುವ ಕುಡಿಕೆಯಲ್ಲಿ ನನ್ನ ಹೆಸರು ಇರಲೇಬೇಕು, ಇನ್ನೆಲ್ಲೂ ಇಲ್ಲದಿದ್ದರೂ. ಇಲ್ಲದಿದ್ದರೆ? ವನಮಾಲಳ ಹೆಸರೇ ಇದ್ದರೆ? ಎಷ್ಟು ಸಲ ಇದೆಯೋ ತಿಳಿದುಬಿಟ್ಟರೆ ಸಾಕು, ಆಮೇಲೆ ನಾನು ನೆಮ್ಮದಿಯಾಗಿ ಇರುತ್ತೇನೆ ಅನ್ನಿಸಿತು. ಕುಡಿಕೆ ಇಳಿಸಿದೆ. ಮಡಿಲಲ್ಲಿಟ್ಟುಕೊಂಡು ಬೆಚ್ಚಗೆ ಮಾಡುವ ಅಗತ್ಯ ನನಗೆ ಇರಲಿಲ್ಲ, ನನ್ನ ಕೈಗೆ ಅದು ಕೂಡಲೇ ಏಳುತ್ತಿತ್ತು. ಆದರೂ ಬಹಳ ಹೊತ್ತು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಎರಡೂ ಕೈಗಳಲ್ಲಿ ಸುತ್ತಿ ಹಿಡಿದಿದ್ದೆ. ಮಗುವಿನ ಹಾಗೆ ಬಿಸಿಯಾಯಿತು. ಆಮೇಲೆ ಮುಚ್ಚಳ ಎತ್ತಿದೆ.

ಉಸಿರು ಕೇಳಿತು. ದಾಕ್ಷಿಯ ಉಸಿರು. ಒಳಗೆಳೆದುಕೊಳ್ಳುವಾಗ ಎರಡು ಕಡೆ ತಡೆಯಿತು. ಅತ್ತು ಮುಗಿಸಿ ಮೂಗು ಒರೆಸಿಕೊಂಡ ಮೇಲೆ ಮಾತಾಡಲು ಹೊರಟವರ ಉಸಿರು ಅದು. ದಾಕ್ಷಿ ಅತ್ತದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಅವಳು ಅಳುವವಳೇ ಅಲ್ಲ ಎಂದುಕೊಂಡಿದ್ದೆ. ನನ್ನ ಮುಂದೆ ಅವಳು ಯಾವಾಗಲೂ ನಗುತ್ತಿದ್ದಳು. ಮುಂದಿನ ಮಾತು ಬರುವ ಮುಂಚೆ ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದೆ. ಅದು ನನಗೆಂದು ಆಡಿದ್ದಲ್ಲ.

ಕಪಾಟಿನಲ್ಲಿಡಲು ಎದ್ದೆ. ಬಾಗಿಲಲ್ಲಿ ದಾಕ್ಷಿ ನಿಂತಿದ್ದಳು. ಬಸ್ಸಿನ ಧೂಳು ಇನ್ನೂ ಕೂದಲ ಮೇಲೆ ಇತ್ತು, ಚೀಲ ಹೆಗಲಲ್ಲೇ ಇತ್ತು. ವನಮಾಲ ಯಾರ ಕೈಲೋ ಹೇಳಿಕಳಿಸಿದ್ದಳಂತೆ. ದಾಕ್ಷಿ ಕೈ ಚಾಚಿದಳು, ಕೊಟ್ಟೆ. ಅವಳು ಎರಡೂ ಕೈಯಲ್ಲಿ ಕುಡಿಕೆ ಹಿಡಿದಳು.

"ಬೆಚ್ಚಗಿದೆ" ಅಂದಳು.

"ಉಸಿರು ಮಾತ್ರ ಕೇಳ್ದೆ ದಾಕ್ಷಿ. ಆಣೆಗೂ ಅಷ್ಟೇ. ಮುಚ್ಚಿಬಿಟ್ಟೆ."

"ಹೂಂ."

"ನಂಬಲ್ವಾ?"

"ನಂಬಬೇಕು ಅಂತ ಆಸೆ ಇದೆ ಕಣೇ. ಹೇಗೆ ನಂಬೋದು ಹೇಳು? ಮೊದಲಾದ್ರೆ ನೀನು ತೆಗೆದಿಲ್ಲ ಅನ್ನೋಕೆ ಆ ಮುಚ್ಚಳ ಇತ್ತು. ಈಗ ನಿನ್ನ ಮಾತಷ್ಟೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಕೇಳಬಾರದಿತ್ತು, ಆದರೂ ಕೇಳಿದೆ. "ಅವಳಿಗ್ಯಾಕೆ ಒಪ್ಪಿಸ್ದೆ? ನಾನು ಹಲಗೆ ಒರೆಸಿ ಇಟ್ಟಿದ್ದೆ ಗೊತ್ತಾ?"

"ನೋಡ್ದೆ. ಆ ಬಟ್ಟೆ ನೋಡೇ ಭಯ ಆಯ್ತು." ಅವಳು ಚೀಲ ಸರಿಮಾಡಿಕೊಂಡಳು. "ವನಮಾಲಂಗೆ ನನ್ನ ಬಗ್ಗೆ ಏನೂ ತಿಳ್ಕೋಬೇಕಾಗಿಲ್ಲ ಕುಮುದಾ. ನಿಂಗೆ ಎಲ್ಲಾನೂ ಬೇಕು. ನಾನು ಒಂದು ಹೊತ್ತು ಸುಮ್ಮನಿದ್ರೆ ನಿನ್ನ ಕಣ್ಣು ನನ್ನ ಮುಖಾನೇ ಬಗೀತಿರುತ್ತೆ. ಯಾರಿಗೂ ಹೇಳದೇ ಇರೋದು ಒಂದಾದ್ರೂ ನಂಗೆ ಬೇಡ್ವಾ?"

ಅವಳು ಹೋದಳು. ಕಿಟಕಿಯಿಂದ ಕೆರೆ ಏರಿ ಕಾಣುತ್ತದೆ. ಅವಳು ಹತ್ತಿ ನಿಂತು ಕುಡಿಕೆಯನ್ನು ತಲೆಯ ಮೇಲಕ್ಕೆ ಎತ್ತುವುದು ಕಂಡಿತು. ಬದುಕಿರುವವರ ಕುಡಿಕೆ ಒಡೆದದ್ದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಅಷ್ಟು ದೂರದಿಂದ ಏನೂ ಕೇಳಿಸುವುದಿಲ್ಲ, ನನಗೆ ಗೊತ್ತು. ಆದರೂ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡೆ. ಮೆಟ್ಟಿಲ ಮೇಲೆ ಪುಟ್ಟನರಸಯ್ಯನೂ ಮುಚ್ಚಿಕೊಂಡಿದ್ದ.

ಮನೆಗೆ ಬಂದಾಗ ಅಮ್ಮ ಈಳಿಗೆ ಮಣೆಯ ಮುಂದೆ ಕೂತಿದ್ದಳು. ಅವಳನ್ನು ಪಕ್ಕಕ್ಕೆ ಸರಿಸಿ, ಮೊರದಲ್ಲಿದ್ದ ಹಸಿಮೆಣಸಿನಕಾಯನ್ನೆಲ್ಲ ನಾನೇ ಹೆಚ್ಚಿದೆ. "ಅಯ್ಯೋ, ಕೈ ಕಣೇ! ಸರ್ಕಾರದ ಕೈ!" ಎಂದು ಅವಳು ಬಡಕೊಂಡಳು. "ನಾಳೆಯಿಂದ ಹೋಗಲ್ಲಮ್ಮ" ಅಂದೆ. ಹೆಚ್ಚಿದ್ದನ್ನು ಕೈಯಲ್ಲೇ ಹಿಸುಕಿದೆ. ಅಂಗೈ ಧಗಧಗ ಉರಿಯಿತು.

ನನ್ನ ಕುಡಿಕೆ ಗೂಡಿನಲ್ಲಿತ್ತು. ಊರಿನಲ್ಲಿ ಕಾಯಿಸದೆ ಉಳಿದದ್ದು ಅದೊಂದೇ. ಸರ್ಕಾರದ ಅಂಗೈಯೂ ನನ್ನದೇ ಆದ್ದರಿಂದ ಅದಕ್ಕೆ ಎರಡನೆಯದನ್ನು ಕಲಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಒಳಗೆ ಇರುವುದೆಲ್ಲ ದಾಕ್ಷಿಯ ವಿಷಯವೇ. ಅವಳು ಏನು ಉಟ್ಟಳು, ಯಾರ ಜೊತೆ ನಕ್ಕಳು, ಯಾಕೆ ಸುಮ್ಮನಾದಳು. ನೆನೆಸಿಕೊಂಡರೆ ನನಗೇ ನಾಚಿಕೆಯಾಯಿತು. ಈ ಕೈಗಳ ಹತ್ತಿರ ಅದು ಇರುವುದು ಬೇಡ ಅನ್ನಿಸಿ ಎತ್ತಿಕೊಂಡು ಗಿರಣಿಯ ಕಡೆ ನಡೆದೆ.

ವನಮಾಲ ಯಾರದೋ ಲಂಗದ ಅಂಚು ಮಡಿಸುತ್ತಿದ್ದಳು. ಕುಡಿಕೆ ಮುಂದಿಟ್ಟೆ.

"ಊರು ಬಿಟ್ಟು ಹೋಗ್ತಿದ್ದೀಯಾ?"

"ಇಲ್ಲ. ಇಟ್ಕೋ."

"ಅಲ್ಲಿಡು" ಎಂದು ಗಲ್ಲದಿಂದಲೇ ತೋರಿಸಿದಳು. ದಾರದ ಉಂಡೆಗಳ ನಡುವೆ ಒಂದು ದುಂಡನೆಯ ಜಾಗ ಧೂಳಿಲ್ಲದೆ ಖಾಲಿಯಿತ್ತು. ಅಲ್ಲೇ ಇಟ್ಟೆ. ನಾನು ಅಳುತ್ತಿದ್ದುದು ಅವಳಿಗೆ ಕಾಣುವ ಹಾಗೇ ಇತ್ತು, ಅಂಗೈ ಕೆಂಪಗೆ ಬಾತಿದ್ದುದೂ ಕಾಣುವ ಹಾಗಿತ್ತು.

"ಒಳಗೇನಿದೆ ಅಂತ ಕೇಳಲ್ವಾ?"

ಅವಳು ಬಾಯಿಂದ ಪಿನ್ನು ತೆಗೆದಳು. "ನಂಗ್ಯಾಕೆ?" ಅಂದಳು. ಅಂದು, ಕೊರಳಲ್ಲಿದ್ದ ಅಳತೆ ಟೇಪನ್ನು ಬಿಚ್ಚಿ ನನ್ನ ಕುಡಿಕೆಯ ಕುತ್ತಿಗೆಗೆ ನೇತುಹಾಕಿದಳು.